ಕಥೆಯ ವಿಶ್ಲೇಷಣೆಗೆ ಬೇಕಾದ ಪರಿಭಾಷೆಯನ್ನು ಮಕ್ಕಳಿಗೆ ಕಲಿಸುವುದು ಹೇಗೆ? ಅನುಭವ ಹಂಚಿಕೊಳ್ಳಿ

ಪ್ರಶ್ನೆ, ಮಂಡ್ಯದಿಂದ:
ನನ್ನ ಅಕ್ಕನ ಮಗಳು ಪ್ರಥಮ ಪಿಯುಸಿ ಓದುತ್ತಿದ್ದಾಳೆ. ವಸ್ತು, ಕಥಾಹಂದರ, ನಿರೂಪಕ, ಸಂಕೇತ, ಧ್ವನಿ ಇವುಗಳ ವ್ಯಾಖ್ಯೆಗಳನ್ನು ತಪ್ಪಿಲ್ಲದೆ ಒಪ್ಪಿಸುತ್ತಾಳಾದರೂ, ಹೊಸ ಕಥೆಯೊಂದನ್ನು ಕೊಟ್ಟು ಇವೆಲ್ಲ ಎಲ್ಲಿವೆ ಎಂದು ಕೇಳಿದರೆ ಸಾರಾಂಶವನ್ನೇ ಬರೆದು ಕೊಡುತ್ತಾಳೆ. ಕಲಿಸಿದ ಅನುಭವವುಳ್ಳವರು ದಾರಿ ತೋರಿಸಬೇಕಾಗಿ ವಿನಂತಿ.

ಉತ್ತರ, ಮೈಸೂರಿನ ನಿವೃತ್ತ ಕನ್ನಡ ಉಪನ್ಯಾಸಕರಿಂದ:
ಕೆಲಸಕ್ಕೆ ಸೇರಿದ ಮೊದಲ ಹತ್ತು ವರ್ಷ ನಾನೂ ವ್ಯಾಖ್ಯೆಗಳನ್ನೇ ಬರೆಸುತ್ತಿದ್ದೆನೆಂದು ಒಪ್ಪಿಕೊಂಡು ಮುಂದುವರಿಯುತ್ತೇನೆ. ಆಮೇಲೆ ಎರಡು ಸಾಲಿನ ಕಥೆಯಿಂದ ಪಾಠ ಆರಂಭಿಸುವ ರೂಢಿ ಮಾಡಿಕೊಂಡೆ: ‘ಆಲೆಮನೆಯ ಒಲೆ ಆರಿತು. ಮಗ ಬೆಂಗಳೂರಿನ ಬಸ್ಸು ಹತ್ತಿದ.’ ಇವು ಒಂದರ ಹಿಂದೊಂದು ನಡೆದ ಘಟನೆಗಳಷ್ಟೇ. ‘ಆಲೆಮನೆಯ ಒಲೆ ಆರಿದ್ದರಿಂದ ಮಗ ಬಸ್ಸು ಹತ್ತಿದ’ ಎಂದೊಡನೆ ನಡುವೆ ಕಾರಣದ ಎಳೆಯೊಂದು ಬರುತ್ತದೆ. ಕಥಾಹಂದರ ಹೆಣೆದುಕೊಳ್ಳುವುದು ಆ ಎಳೆಯಿಂದ. ಇಂಗ್ಲಿಷ್ ಕಾದಂಬರಿಕಾರ ಇ. ಎಂ. ಫಾರ್ಸ್ಟರ್ 1927ರಲ್ಲಿ ಇದೇ ವ್ಯತ್ಯಾಸವನ್ನು ರಾಜ ರಾಣಿಯರ ಸಾವಿನ ಉದಾಹರಣೆಯಿಂದ ವಿವರಿಸಿದ್ದಾರೆ. ನಮ್ಮ ಕಡೆಯ ಮಕ್ಕಳಿಗೆ ಅರಮನೆಗಿಂತ ಆಲೆಮನೆ ಹತ್ತಿರ. ಇನ್ನು ಈ ಕಥೆಯ ವಸ್ತು ಬೆಲ್ಲವೂ ಅಲ್ಲ, ಬಸ್ಸೂ ಅಲ್ಲ. ಮನೆತನದ ಕಸುಬು ಕೈಬಿಟ್ಟಾಗ ಮನೆಯವರ ನಡುವೆ ಏನಾಗುತ್ತದೆ ಎಂಬುದು.

ಅನಂತರ ಅದೇ ಕಥೆಯನ್ನು ಒಮ್ಮೆ ಮಗನ ಬಾಯಿಂದಲೂ ಇನ್ನೊಮ್ಮೆ ಊರಿನಲ್ಲೇ ಉಳಿದ ತಾಯಿಯ ಬಾಯಿಂದಲೂ ಬರೆಸುತ್ತಿದ್ದೆ. ಬಸ್ಸು ಹೊರಟ ಮೇಲೆ ತಾಯಿ ಏನು ಮಾಡಿದಳೆಂಬುದು ಮಗನಿಗೆ ಕಾಣದು. ತಾಯಿಗೆ ಬೆಂಗಳೂರು ಕಾಣದು. ‘ನಾನು’ ಎಂದು ಬರೆದ ಮಾತ್ರಕ್ಕೆ ನಿರೂಪಕನೇ ಲೇಖಕನಾಗುವುದಿಲ್ಲವೆಂಬುದನ್ನು ಬೇರೆಯಾಗಿ ವಿವರಿಸಬೇಕಾಗಿಯೇ ಬರುತ್ತಿರಲಿಲ್ಲ, ಏಕೆಂದರೆ ತಾಯಿಯಾಗಿ ಬರೆದವನು ಆಗತಾನೇ ಮೀಸೆ ಮೂಡುತ್ತಿದ್ದ ಹುಡುಗನಾಗಿರುತ್ತಿದ್ದ.

ಧ್ವನಿಯ ವಿಷಯದಲ್ಲಿ ಗೊಂದಲ ಮಕ್ಕಳದ್ದಲ್ಲ, ಕಲಿಸುವವರದು. ನಿರೂಪಣೆಯ ಧಾಟಿಗೂ ನಾವು ಇದೇ ಪದವನ್ನು ಬಳಸುತ್ತೇವೆ. ಆದರೆ 9ನೆಯ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನ ಪ್ರತಿಪಾದಿಸಿದ ಧ್ವನಿಯೆಂದರೆ ವಾಚ್ಯಾರ್ಥವನ್ನು ಮೀರಿ ಹೊಳೆಯುವ ಅರ್ಥ. ಹೊರಟುನಿಂತ ಮಗನಿಗೆ ತಾಯಿ ‘ಒಲೆ ಇನ್ನೂ ಬೆಚ್ಚಗಿದೆ ಕಣಪ್ಪ’ ಎನ್ನುತ್ತಾಳೆಂದುಕೊಳ್ಳಿ. ಒಲೆ ಆರಿತೆಂದು ಮೊದಲ ಸಾಲೇ ಹೇಳಿರುವುದರಿಂದ, ಅವಳು ಆಡುತ್ತಿರುವುದು ಒಲೆಯ ಮಾತಲ್ಲವೆಂದು ಓದುವವರಿಗೆ ತಾನಾಗಿಯೇ ಹೊಳೆಯುತ್ತದೆ. ನನ್ನ ಟಿಪ್ಪಣಿಗಳಲ್ಲಿ ನಾನು ಧಾಟಿಗೆ ‘ದನಿ’ ಎಂದೂ ಇದಕ್ಕೆ ‘ಧ್ವನಿ’ ಎಂದೂ ಬರೆದುಕೊಳ್ಳುತ್ತಿದ್ದೆ. ಅದು ಶಾಸ್ತ್ರವಲ್ಲ, ನನ್ನ ಅನುಕೂಲ.

ಉತ್ತರ, ಮಾನಸಗಂಗೋತ್ರಿಯಲ್ಲಿ ಜಾನಪದ ಓದಿದವರಿಂದ:
ಸರ್ ಹೇಳಿದ ಪಟ್ಟಿಗೆ ‘ಆಶಯ’ವನ್ನೂ ಸೇರಿಸಬೇಕು. ಸಾಹಿತ್ಯದ ತರಗತಿಯಲ್ಲಿ ಅದನ್ನು ಕೃತಿಯ ಇಂಗಿತವೆಂಬ ಅರ್ಥದಲ್ಲಿ ಬಳಸುತ್ತಾರೆ. ಜಾನಪದದಲ್ಲಾದರೆ ಕಥೆಯಿಂದ ಕಥೆಗೆ ಮರಳಿ ಬರುವ ಚಿಕ್ಕ ಘಟಕ, ಅಂದರೆ ಮಾತನಾಡುವ ಗಿಳಿ, ಕಾಟ ಕೊಡುವ ಮಲತಾಯಿ ಮುಂತಾದುವು. ಎಂ.ಎ. ಮೊದಲ ವರ್ಷ ಈ ಎರಡನ್ನೂ ಬೆರೆಸಿ ಉತ್ತರ ಬರೆದು ನಾನು ಅಂಕ ಕಳೆದುಕೊಂಡಿದ್ದೇನೆ.

ಉತ್ತರ, ಶ್ರೀರಂಗಪಟ್ಟಣ ಸಮೀಪದ ಪ್ರೌಢಶಾಲಾ ಶಿಕ್ಷಕಿಯಿಂದ:
ಆರಂಭ, ಏರಿಕೆ, ಪರಾಕಾಷ್ಠೆ, ಇಳಿಕೆ, ಮುಕ್ತಾಯ ಎಂಬ ಗೋಪುರದ ಚಿತ್ರವನ್ನು ಮಕ್ಕಳಿಗೆ ಬೇಗನೆ ಕೊಡಬೇಡಿ. ಜರ್ಮನಿಯ ಗುಸ್ಟಾವ್ ಫ್ರೈಟಾಗ್ 1863ರಲ್ಲಿ ಐದಂಕದ ನಾಟಕಗಳನ್ನು ಗಮನದಲ್ಲಿಟ್ಟುಕೊಂಡು ರೂಪಿಸಿದ ವಿನ್ಯಾಸವದು. ಎಲ್ಲ ಸಣ್ಣಕಥೆಗಳೂ ಅದಕ್ಕೆ ಒಗ್ಗುವುದಿಲ್ಲ. ನನ್ನ ವಿದ್ಯಾರ್ಥಿಯೊಬ್ಬ ಪುಟಗಳನ್ನು ಎಣಿಸಿ, ಸರಿಯಾಗಿ ನಡುವಿನ ಪುಟಕ್ಕೆ ‘ಪರಾಕಾಷ್ಠೆ’ ಎಂದು ಗುರುತು ಹಾಕಿದ್ದ. ಸಂಕೇತದ ವಿಷಯದಲ್ಲೂ ಹೀಗೆಯೇ: ಕಾಗೆ ಕಂಡರೆ ಸಾವು, ಮಳೆ ಬಂದರೆ ಕಣ್ಣೀರು. ಆ ಕಾಗೆಯೋ ಮಳೆಯೋ ಕಥೆಯಲ್ಲಿ ಮತ್ತೆ ಬರುತ್ತದೆಯೇ, ಬಂದಾಗ ಅದರ ತೂಕ ಹೆಚ್ಚುತ್ತದೆಯೇ ಎಂದು ಕೇಳುವುದು ನನ್ನ ಕ್ರಮ. ಇಲ್ಲವಾದರೆ ಕಾಗೆಯನ್ನು ಕಾಗೆಯಾಗಿಯೇ ಇರಗೊಡುತ್ತೇನೆ.

ಪ್ರಶ್ನೆ ಕೇಳಿದವರಿಂದ:
ಎಲ್ಲರಿಗೂ ಧನ್ಯವಾದಗಳು. ಆಲೆಮನೆಯ ಕಥೆಯನ್ನು ನಿನ್ನೆ ಸಂಜೆಯೇ ಬರೆಸಿದೆ. ತಾಯಿಯ ಬಾಯಿಂದ ಬರೆದಾಗ ಅವಳು ಕೊಪ್ಪರಿಗೆಯನ್ನು ಎರಡು ಸಲ ತಂದಿದ್ದಳು, ಬಸ್ಸನ್ನು ಮಾತ್ರ ಪೂರ್ತಿಯಾಗಿ ಬಿಟ್ಟಿದ್ದಳು. ಏಕೆಂದು ಕೇಳಿದೆ. ‘ಆಯಮ್ಮ ಬಸ್ ಸ್ಟ್ಯಾಂಡಿಗೆ ಹೋಗಲೇ ಇಲ್ಲವಲ್ಲ, ಚಿಕ್ಕಮ್ಮ’ ಎಂದಳು.