ಆಯಿಗೆ ಮರೆವು ಜಾಸ್ತಿ ಆಗ್ತಿದೆ, ದಿನಾ ಏನು ಮಾಡಿದರೆ ಒಳ್ಳೆಯದು?

ತೋಟದಮನೆ, ಶಿರಸಿ:
ನಮ್ಮ ಆಯಿಗೆ 68 ವರ್ಷ. ಅಪ್ಪ ತೀರಿಕೊಂಡ ಮೇಲೆ ಹೊರಗೆ ಹೋಗೋದೇ ಕಮ್ಮಿ. ಮೊದಲು ಊರಲ್ಲಿ ಎಲ್ಲಿ ತಾಳಮದ್ದಳೆ ಇದ್ದರೂ ಮುಂದಿನ ಸಾಲಲ್ಲಿ ಕೂರುತ್ತಿದ್ದವಳು, ಈಗ ಕರೆದರೂ ಬರೋದಿಲ್ಲ. ಹೇಳಿದ್ದನ್ನೇ ಮತ್ತೆ ಕೇಳುತ್ತಾಳೆ. ಟಿವಿ ಜೋರಾಗಿ ಹಾಕಿಕೊಂಡು ಕೂತಿರುತ್ತಾಳೆ. ಅಡುಗೆ, ಅಡಿಕೆ ಸುಲಿಯೋದು ಎಲ್ಲ ಮೊದಲಿನ ಹಾಗೇ ಮಾಡುತ್ತಾಳೆ. ದಿನಾ ಒಂದೆಲಗದ ತಂಬುಳಿ ಕೊಡುತ್ತಿದ್ದೇನೆ. ಯಾರೋ ನೆನಪಿನ ಶಕ್ತಿಯ ಮಾತ್ರೆ, ಇನ್ಯಾರೋ ಮೊಬೈಲ್ ಆಟ ಹೇಳಿದರು. ನಿಜಕ್ಕೂ ಉಪಯೋಗಕ್ಕೆ ಬರೋದು ಯಾವುದು?

ಕಾಳಿದಂಡೆ, ಕಾರವಾರ:
ಮೊದಲು ಕಿವಿ ತೋರಿಸಿ. ಟಿವಿ ಜೋರು, ಕೇಳಿದ್ದೇ ಕೇಳೋದು, ಜನ ಸೇರುವ ಕಡೆ ಬರದಿರೋದು, ಈ ಮೂರೂ ಕಿವಿ ಮಂದ ಆದವರಲ್ಲೂ ಕಾಣುತ್ತವೆ. ನಮ್ಮ ಮಾವ ಫೋನನ್ನು ಎಡಗಿವಿಯಿಂದ ಬಲಗಿವಿಗೆ, ಬಲಗಿವಿಯಿಂದ ಎಡಗಿವಿಗೆ ಬದಲಾಯಿಸುತ್ತಲೇ ಇರುತ್ತಿದ್ದರು. ನಾಲ್ಕು ಜನ ಒಟ್ಟಿಗೆ ಮಾತಾಡಿದರೆ ನಕ್ಕು ತಲೆಯಾಡಿಸಿ ಮೆಲ್ಲಗೆ ಒಳಗೆ ಹೋಗಿಬಿಡುತ್ತಿದ್ದರು. ಊರವರು ಅರಳುಮರಳು ಅಂದರು, ಪರೀಕ್ಷೆ ಮಾಡಿಸಿದಾಗ ಇದ್ದದ್ದು ಕಿವಿಯ ತೊಂದರೆ. ಮಾತು ಸರಿಯಾಗಿ ಕೇಳದಿದ್ದರೆ ಅದು ನೆನಪಲ್ಲಿ ಉಳಿಯೋದಾದರೂ ಹೇಗೆ?

ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯ ಆಯೋಗದ 2024ರ ವರದಿಯಲ್ಲಿ, ಡಿಮೆನ್ಷಿಯಾಕ್ಕೆ, ಅಂದರೆ ನೆನಪು, ಯೋಚನಾಶಕ್ತಿ ಕುಂದುತ್ತಾ ಹೋಗುವ ಕಾಯಿಲೆಗೆ, ನಾವು ಬದಲಾಯಿಸಬಹುದಾದ 14 ಕಾರಣಗಳಿವೆ. ಅವನ್ನೆಲ್ಲ ಸರಿಪಡಿಸಿದರೆ ಡಿಮೆನ್ಷಿಯಾ ಪ್ರಕರಣಗಳಲ್ಲಿ ಶೇ 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಅನ್ನುತ್ತದೆ ಅದು. ಕಿವಿ ಕೇಳಿಸದಿರುವುದು, ಬಿಪಿ, ಶುಗರ್, ಕೆಟ್ಟ ಕೊಲೆಸ್ಟರಾಲ್, ಒಂಟಿತನ, ಖಿನ್ನತೆ ಎಲ್ಲ ಆ ಪಟ್ಟಿಯಲ್ಲಿವೆ.

ಹಾಗೇ ಬಿ12 ಮತ್ತು ಥೈರಾಯ್ಡ್ ಪರೀಕ್ಷೆಗೆ ರಕ್ತ ಕೊಡಿಸಿ. ಶುದ್ಧ ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಜಾಸ್ತಿ, ಅದರಿಂದಲೂ ಮರೆವು ಬರುತ್ತೆ, ಔಷಧಿಯಿಂದ ಸುಧಾರಿಸುತ್ತೆ ಕೂಡ. ನಿದ್ದೆ ಮಾತ್ರೆ ತಗೊಳ್ತಾರಾ ಅಂತಲೂ ಡಾಕ್ಟರಿಗೆ ಹೇಳಿ. ವಯಸ್ಸಾದವರಿಗೆ ಕೆಲವು ಮಾತ್ರೆಗಳಿಂದಲೇ ತಲೆ ಮಂಕಾಗುತ್ತೆ.

ಘಟ್ಟದಕೆಳಗೆ, ಕುಮಟಾ:
ತಂಬುಳಿ ಖಂಡಿತ ಕೊಡಿ, ಊಟಕ್ಕೆ ಒಳ್ಳೆಯದೇ. ಅದನ್ನೇ ಔಷಧಿ ಅಂತ ನಂಬಿ ಬಿಪಿ ನೋಡಿಸದೆ ಇರಬೇಡಿ ಅಷ್ಟೇ. ಉಪ್ಪು ದಿನಕ್ಕೆ 5 ಗ್ರಾಮಿಗಿಂತ ಕಮ್ಮಿ ಇರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ನಮ್ಮ ಕಡೆ ಮಿಡಿ ಉಪ್ಪಿನಕಾಯಿ, ಹಪ್ಪಳ, ಒಣಮೀನು, ಎಲ್ಲದರಲ್ಲೂ ಉಪ್ಪೇ. ಆಯಿ ಕವಳ (ಎಲೆಅಡಿಕೆ) ಹಾಕುತ್ತಾರಾ? ತಂಬಾಕಿನ ಎಸಳು ಬಿಡಿಸಲೇಬೇಕು, ಅದರಲ್ಲಿ ರಾಜಿ ಬೇಡ.

ಮೊಬೈಲ್ ಆಟದಿಂದ ಆ ಆಟವೊಂದು ಚೆನ್ನಾಗಿ ಬರುತ್ತೆ, ಅದಕ್ಕಿಂತ ಹೆಚ್ಚು ನಿರೀಕ್ಷೆ ಬೇಡ. ಅದರ ಬದಲು ಬೆಳಿಗ್ಗೆ ಯಾರಾದರೂ ಜೊತೆಗೆ ನಡೆಯಲಿ. ವಾರಕ್ಕೆ 150 ನಿಮಿಷ ಸಾಕು, ಉಬ್ಬಸ ಬರುವಷ್ಟು ಬೇಡ, ಮಾತಾಡುತ್ತಾ ನಡೆದರೆ ಆಯಿತು. ನೆರೆಮನೆಯವರು ಕೊಂಕಣಿಯವರಾದರೆ ಅವರ ಜೊತೆ ಕೊಂಕಣಿಯಲ್ಲೇ ಮಾತಾಡಲಿ! 2013ರಲ್ಲಿ ಹೈದರಾಬಾದಿನ ನಿಮ್ಸ್ ಆಸ್ಪತ್ರೆಯ ಡಾ. ಸುವರ್ಣಾ ಅಲ್ಲಾಡಿ ಮತ್ತು ಜೊತೆಯವರು 648 ರೋಗಿಗಳನ್ನು ನೋಡಿ ಬರೆದ ಪ್ರಕಾರ, ಎರಡು ಭಾಷೆ ಆಡುವವರಲ್ಲಿ ಡಿಮೆನ್ಷಿಯಾ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು, ಓದು ಬರಹ ಬಾರದವರಲ್ಲೂ. ಕಾರಣ ಭಾಷೆಯೊಂದೇ ಅಂತ ಇದರಿಂದ ಖಚಿತ ಆಗೋದಿಲ್ಲ, ಆದರೆ ಮಾತು ಬೇಕು ಅನ್ನೋದರಲ್ಲಿ ನನಗೆ ಸಂಶಯ ಇಲ್ಲ.

ಬೇಣದತುದಿ, ಸಿದ್ದಾಪುರ:
ಅಪ್ಪ ಹೋದ ದುಃಖವನ್ನು ಯಾರೂ ಕೇಳಲಿಲ್ಲ ಅಲ್ವಾ? ಖಿನ್ನತೆಯಲ್ಲೂ ಮರೆವು ಬರುತ್ತೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದಿನದ ಯಾವ ಹೊತ್ತಿಗಾದರೂ ಸಿಗುತ್ತಾರೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲೂ ಅಪ್ಪನ ಹೆಸರು ಎತ್ತಿ ಮಾತಾಡಿ.

ತೋಟದಮನೆ, ಶಿರಸಿ:
ಎಲ್ಲರಿಗೂ ಧನ್ಯವಾದ. ಅಪ್ಪನ ಮಾತು ಬಂದರೆ ಆಯಿ ಅಳುತ್ತಾಳೆ ಅಂತ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಇನ್ನು ಹಾಗೆ ಮಾಡೋದಿಲ್ಲ. ಕಿವಿ ಡಾಕ್ಟರ ಹತ್ತಿರ ಈ ವಾರವೇ ಹೋಗುತ್ತೇವೆ. ಕಿವಿಯಂತ್ರ ಕೊಟ್ಟರೆ ಹಾಕಿಕೊಳ್ತಾಳೋ ಇಲ್ಲವೋ ಅನ್ನೋದೇ ಚಿಂತೆ.

ಕಾಳಿದಂಡೆ, ಕಾರವಾರ:
ಗುಗ್ಗೆ ಕಟ್ಟಿದ್ದರೆ ತೆಗೆಸಿದರೇ ಸರಿ ಹೋಗಬಹುದು, ಅದನ್ನು ಮೊದಲು ನೋಡಲಿ. ಯಂತ್ರ ಬಂದರೂ ಮೊದಮೊದಲು ಪಾತ್ರೆ ಸದ್ದು, ಫ್ಯಾನ್ ಸದ್ದು ಎಲ್ಲ ಕರ್ಕಶ ಅನ್ನಿಸುತ್ತೆ, ಅದಕ್ಕೇ ತುಂಬಾ ಜನ ಡಬ್ಬಿಯಲ್ಲಿ ಇಟ್ಟುಬಿಡುತ್ತಾರೆ. ಶುರುವಿಗೆ ನೀವಿಬ್ಬರೇ ಇರುವಾಗ ಸ್ವಲ್ಪ ಹೊತ್ತು ಹಾಕಿಸಿ, ದಿನದಿನಕ್ಕೆ ಹೊತ್ತು ಜಾಸ್ತಿ ಮಾಡಿ. ಸದ್ದು ಚುಚ್ಚಿದರೆ ಕೊಟ್ಟವರ ಹತ್ತಿರವೇ ಹೋಗಿ ಹೊಂದಿಸಿಕೊಂಡು ಬನ್ನಿ, ಒಂದು ಸಲಕ್ಕೆ ಸರಿ ಆಗದಿದ್ದರೆ ಮತ್ತೆ ಹೋಗಿ.