ಅಪ್‌ಡೇಟ್: ಮಾಲ್ಡೀವ್ಸ್ ಸುತ್ತದೆಯೇ ಟೊರೊಂಟೊ ತಲುಪಿದೆ

ಕೋವಿಡ್‌ನಿಂದಾಗಿ ಭಾರತದಿಂದ ಕೆನಡಾಕ್ಕೆ ನೇರ ವಿಮಾನ ಏಪ್ರಿಲ್‌ನಿಂದ ಬಂದ್ ಆಗಿದೆ, ಅಲ್ಲಿನ ವಿಶ್ವವಿದ್ಯಾಲಯದ 2021ರ ಸೆಪ್ಟೆಂಬರ್ ಪ್ರವೇಶ ಕೈತಪ್ಪುತ್ತದೆಯೇ ಎಂದು ಮೂರು ವಾರಗಳ ಹಿಂದೆ ಇಲ್ಲಿ ಕೇಳಿದ್ದೆ. ಮೊನ್ನೆ ಟೊರೊಂಟೊದಲ್ಲಿ ಇಳಿದೆ.

ಕೈಹಿಡಿದದ್ದು ‘ಮೊದಲು ವಿಭಾಗಕ್ಕೇ ಬರೆಯಿರಿ’ ಎಂದವರ ಮಾತು. ತಡವಾಗಿ ಬರಬಹುದೆಂಬ ಪತ್ರ ಎರಡೇ ದಿನದಲ್ಲಿ ಬಂತು. ಅಲ್ಲಿಯವರೆಗೆ ಮೈಸೂರಿನ ಮನೆಯಲ್ಲೇ ನಡುರಾತ್ರಿ ಆನ್‌ಲೈನ್ ಪಾಠ. ಮಾಲ್ಡೀವ್ಸ್ ಮೂಲಕ ಹೋಗುವ ಸಲಹೆ ನನಗೆ ಒಗ್ಗಲಿಲ್ಲ. ಹಾಗೆ ಸುತ್ತಿ ಹೋದರೆ ಕೋವಿಡ್ ಪರೀಕ್ಷೆಯನ್ನು ಆ ಮೂರನೆಯ ದೇಶದಲ್ಲೇ ಮಾಡಿಸಬೇಕಿತ್ತು. ಅಲ್ಲಿನ ಹೋಟೆಲ್ ಖರ್ಚು ಕೇಳಿದ ಅಪ್ಪ ಮಾತಿಲ್ಲದೆ ಎದ್ದುಹೋದರು.

ಸೆಪ್ಟೆಂಬರ್ 27ಕ್ಕೆ ನಿಷೇಧ ತೆರವಾಯಿತು. ನಾನು ಎಡವಿದ್ದು ಆಮೇಲೆ. ಬೆಂಗಳೂರಿನಲ್ಲಿ ದುಡ್ಡು ಕೊಟ್ಟು ಮಾಡಿಸಿದ ಆರ್‌ಟಿ-ಪಿಸಿಆರ್ ವರದಿ ನಡೆಯಲಿಲ್ಲ! ದೆಹಲಿ ವಿಮಾನ ನಿಲ್ದಾಣದ ಜೀನ್‌ಸ್ಟ್ರಿಂಗ್ಸ್ ಪ್ರಯೋಗಾಲಯದಲ್ಲೇ, ವಿಮಾನ ಹೊರಡುವ ಹಿಂದಿನ 18 ಗಂಟೆಯೊಳಗೆ ಮಾಡಿಸಬೇಕಿತ್ತು. ಹಾಗಾಗಿ ದೆಹಲಿಗೆ ಒಂದು ದಿನ ಮೊದಲೇ ಹೋಗಬೇಕಾಯಿತು.

ಕೋವಿಶೀಲ್ಡ್ ಎರಡು ಡೋಸ್ ಆಗಿದ್ದರಿಂದ ನನಗೆ ಕ್ವಾರಂಟೈನ್ ತಪ್ಪಿತು. ಕೆನಡಾ ಆಗ ಮಾನ್ಯ ಮಾಡಿರದ ಕೋವ್ಯಾಕ್ಸಿನ್ ಹಾಕಿಸಿಕೊಂಡಿದ್ದ ಗೆಳೆಯ ಮಾತ್ರ ಇನ್ನೂ ಕೋಣೆಯೊಳಗೇ ಇದ್ದಾನೆ, ನಾನು ಬಾಗಿಲಲ್ಲಿ ಊಟ ಇಟ್ಟು ಬರುತ್ತಿದ್ದೇನೆ.