ಸಂಬಳದ ಮಾತಿಗೆ ಒಬ್ಬೊಬ್ಬರನ್ನೇ ಒಳಗೆ ಕರೀತಾರೆ, ನಾವೆಲ್ಲಾ ಸೇರಿ ಮಾತಾಡೋದು ಹೇಗೆ?

ಸದಾಶಿವಗಡ ಕಡೆಯ ಅಕ್ಕೋರು

ಎಲ್ಲರಿಗೂ ನಮಸ್ಕಾರ. ಕಾರವಾರ ತಾಲೂಕಿನ ಒಂದು ಖಾಸಗಿ ಹೈಸ್ಕೂಲಲ್ಲಿ ಗಣಿತ ಕಲಿಸ್ತೇನೆ, ಅನುದಾನ ಇಲ್ಲ, ಸ್ಟೇಟ್ ಸಿಲೆಬಸ್, ಶಾಲೆ ಹೆಸರು ಬೇಡ. 11 ವರ್ಷ ಆಯ್ತು, ಈಗ ಕೈಗೆ ಬರೋದು 9,500. ಮೇ ತಿಂಗಳ ಸಂಬಳ ಇಲ್ಲ, ಪಿಎಫ್ ಇಲ್ಲ.

ಪ್ರತಿ ವರ್ಷ ರಿಸಲ್ಟ್ ಮುಗಿದ ಮೇಲೆ ಕಮಿಟಿಯವ್ರು ಒಬ್ಬೊಬ್ಬರನ್ನೇ ಆಫೀಸಿಗೆ ಕರೀತಾರೆ. ಆ ಕಡೆ ಅಧ್ಯಕ್ಷರು, ಸೆಕ್ರೆಟರಿ, ಖಜಾಂಚಿ ಮೂರು ಜನ, ಈ ಕಡೆ ನಾನೊಬ್ಳು. "ನಿಮ್ಗೆ 500 ಜಾಸ್ತಿ ಮಾಡಿದ್ದೇವೆ ಅಕ್ಕೋರೆ, ಬೇರೆಯವ್ರ ಹತ್ರ ಹೇಳ್ಬೇಡಿ" ಅಂತಾರೆ. ನಾನೂ ಇಷ್ಟು ವರ್ಷ ಹೇಳ್ಲಿಲ್ಲ, ಯಾರೂ ಹೇಳ್ಲಿಲ್ಲ. ಈ ಸಲ ಒಬ್ರ ಮನೆ ಗೃಹಪ್ರವೇಶದ ಊಟಕ್ಕೆ ಕೂತಾಗ ಮಾತು ಬಂದು ಗೊತ್ತಾಯ್ತು, ಎಲ್ಲರಿಗೂ ಅದೇ 500, ಅದೇ ಮಾತು, ಹೋದ ವರ್ಷ ಸೇರಿದವ್ರಿಗೂ ಅದೇ. ಆ ದಿನ ನಂಗೆ ಊಟ ಸೇರ್ಲಿಲ್ಲ.

ಈಗ 19 ಜನ ಟೀಚರ್ಸ್ ಒಟ್ಟಾಗಿ ಕೂತು ಮಾತಾಡ್ಬೇಕು ಅಂತ ತೀರ್ಮಾನ ಮಾಡಿದ್ದೇವೆ. ಸೆಕ್ರೆಟರಿ ಕಿವಿಗೆ ಬಿದ್ದು, "ಯೂನಿಯನ್ನು ಗಿನಿಯನ್ನು ಶಾಲೆಯಲ್ಲಿ ನಡೆಯೋದಿಲ್ಲ, ಕಾನೂನಲ್ಲೇ ಇಲ್ಲ, ಬೇಡ ಅನ್ನಿಸಿದವ್ರು ಬಿಡಬಹುದು" ಅಂತ ಹೇಳಿ ಕಳಿಸಿದ್ದಾರೆ. ನಿಜವಾಗ್ಲೂ ಕಾನೂನಲ್ಲಿ ಇಲ್ವಾ? ಕೆಲಸದಿಂದ ತೆಗೆದ್ರೆ ಏನು ಗತಿ? ನಮ್ಮಲ್ಲಿ ಆರು ಜನರ ಮನೆ ನಡೆಯೋದೇ ಈ ಸಂಬಳದ ಮೇಲೆ.

ಅಂಕೋಲೆಯ ನಿವೃತ್ತ ಮಾಸ್ತರು

ಅಕ್ಕೋರೆ, ನಾನು 30 ವರ್ಷ ಅನುದಾನಿತ ಶಾಲೆಯಲ್ಲಿದ್ದವ. ನಮ್ಗೆ ಸಂಬಳ ಸರ್ಕಾರದ್ದು, ಹಾಗಾಗಿ ಕಮಿಟಿ ಜೊತೆ ಜಗಳ ಎಲ್ಲಾ ರಜೆ, ಬಡ್ತಿ, ಹೆಚ್ಚುವರಿ ಕೆಲಸದ್ದು. ಆದ್ರೆ ಒಡೆಯೋ ರೀತಿ ಎಲ್ಲಾ ಕಡೆ ಒಂದೇ. ನಮ್ಮಲ್ಲಿ ಒಮ್ಮೆ ಎಲ್ಲರ ಪರವಾಗಿ ಒಬ್ರು ಒಳಗೆ ಹೋದ್ರು, ಒಳ್ಳೆ ಮಾತುಗಾರ. ಎರಡನೇ ಮೀಟಿಂಗಿಗೆ ಅವ್ರನ್ನು ಪ್ರಭಾರ ಹೆಡ್‌ಮಾಸ್ತರ್ ಮಾಡಿದ್ರು, ಮೂರನೇ ಮೀಟಿಂಗೇ ಆಗ್ಲಿಲ್ಲ. ಅವ್ರನ್ನು ಬೈಯೋದಿಲ್ಲ ನಾನು, ಮನೆಯಲ್ಲಿ ಎರಡು ಹೆಣ್ಣುಮಕ್ಕಳ ಮದುವೆ ಬಾಕಿ ಇತ್ತು. ತಪ್ಪು ನಮ್ಮದು, ಒಬ್ಬನನ್ನೇ ಕಳಿಸಿದ್ದು.

ನಾಲ್ಕು ಜನರನ್ನು ಆರಿಸಿ, ಅದ್ರಲ್ಲಿ ಒಬ್ರು ಹೊಸದಾಗಿ ಸೇರಿದವ್ರು ಇರ್ಲಿ, ಫೋನ್ ಮಾಡಿ ಒಬ್ರನ್ನೇ ಕರೆದ್ರೆ "ನಾಲ್ಕೂ ಜನ ಬರ್ತೇವೆ" ಅಂತ ಅಷ್ಟೇ ಹೇಳಿ. ಪತ್ರ ಕೊಟ್ಟಾಗ ಇನ್ನೊಂದು ಪ್ರತಿ ಮೇಲೆ ಸೀಲು, ತಾರೀಕು ಹಾಕಿಸ್ಕೊಳ್ಳಿ. ಸೀಲು ಹಾಕೋದಿಲ್ಲ ಅಂದ್ರೆ ರಿಜಿಸ್ಟರ್ಡ್ ಪೋಸ್ಟು.

ದಿನಕರ ದೇಸಾಯಿಯವರು ಮುಂಬೈಯಲ್ಲಿ ಹಡಗು ಕಾರ್ಮಿಕರ ಸಂಘಟನೆಯಲ್ಲಿ ದುಡಿದವ್ರು, ಇಲ್ಲಿ ರೈತರ ಪರ ನಿಂತವ್ರು, ಅವ್ರೇ ಈ ಜಿಲ್ಲೆ ತುಂಬಾ ಶಾಲೆ ಕಟ್ಟಿದ್ರು. ಸಂಘ ಬೇರೆ ಶಾಲೆ ಬೇರೆ ಅನ್ನೋದು ನಮ್ಮ ಊರಿಗೆ ಒಪ್ಪೋ ಮಾತಲ್ಲ.

ಶಿರಸಿ ವಕೀಲ

ಸೆಕ್ರೆಟರಿ ಹೇಳಿದ್ದು ಅರ್ಧ ಸರಿ, ಆ ಅರ್ಧ ಎಷ್ಟು ಅಂತ ನಿಮ್ಗೆ ಗೊತ್ತಿರ್ಬೇಕು.

1978ರಲ್ಲಿ ಬೆಂಗಳೂರು ನೀರು ಸರಬರಾಜು ಮಂಡಳಿ ಕೇಸಲ್ಲಿ ಸುಪ್ರೀಂ ಕೋರ್ಟು ಕೈಗಾರಿಕಾ ವಿವಾದ ಕಾಯ್ದೆಯ ಲೆಕ್ಕದಲ್ಲಿ ಶಿಕ್ಷಣ ಸಂಸ್ಥೆಯೂ 'ಕೈಗಾರಿಕೆ' ಅಂತ ಹೇಳ್ತು. ಆದ್ರೆ 1988ರಲ್ಲಿ ಸುಂದರಾಂಬಾಳ್ ಕೇಸು ಬಂತು, ನಿಮ್ಮ ಮಾಜಾಳಿ ದಾಟಿದ್ರೆ ಸಿಗೋ ಗೋವಾದ ಶಾಲೆಯದ್ದೇ. ಶಾಲೆ ಕೈಗಾರಿಕೆ ಹೌದು, ಆದ್ರೆ ಟೀಚರ್ 'ಕಾರ್ಮಿಕ' ಅಲ್ಲ ಅಂತ ತೀರ್ಪು. ಅದಕ್ಕೇ ನಿಮ್ಮ ಸಂಬಳದ ವಿವಾದವನ್ನು ಲೇಬರ್ ಆಫೀಸರ್ ಹತ್ರ ರಾಜಿಗೆ ಒಯ್ಯೋದು ಕಷ್ಟ. 1996ರಲ್ಲಿ ಕನಿಷ್ಠ ವೇತನ ಕಾಯ್ದೆಯೂ ಟೀಚರಿಗೆ ಇಲ್ಲ ಅಂತ ಆಯ್ತು. ಹುಡುಗರನ್ನು ಕರ್ಕೊಂಡು ಬರೋ ಡ್ರೈವರಿಗೆ ಕನಿಷ್ಠ ವೇತನ ಇತ್ತು, ಅದೇ ಹುಡುಗರಿಗೆ ಗಣಿತ ಕಲಿಸೋರಿಗೆ ಇರ್ಲಿಲ್ಲ. ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ, ಆದ್ರೆ 2025ರ ನವೆಂಬರಲ್ಲಿ ಆ ಕಾಯ್ದೆ ಹೋಗಿ ಹೊಸ ವೇತನ ಸಂಹಿತೆ ಬರೋ ತನಕ ಸ್ಥಿತಿ ಇದೇ ಆಗಿತ್ತು.

ಇನ್ನರ್ಧ ಕೇಳಿ. ಸಂಘ ಕಟ್ಟೋದು ಸಂವಿಧಾನದ 19(1)(ಸಿ) ಕೊಟ್ಟ ಹಕ್ಕು, ಏಳು ಜನ ಇದ್ರೆ 1960ರ ಸಂಘಗಳ ನೋಂದಣಿ ಕಾಯ್ದೆಯಲ್ಲಿ ನೋಂದಣಿ ಮಾಡಬಹುದು. ಸಂಘ ಇದೆ ಅಂದ ಕೂಡ್ಲೆ ಕಮಿಟಿ ಮಾತುಕತೆಗೆ ಕೂರಲೇಬೇಕು ಅಂತ ಇಲ್ಲ, ಅದು ಬೇರೆ ವಿಷಯ. ಆದ್ರೆ ಕೆಲವು ವಿಷಯಕ್ಕೆ ಚೌಕಾಶಿಯೇ ಬೇಡ. 20 ಜನ ಕೆಲಸಕ್ಕಿದ್ರೆ ಪಿಎಫ್ ಕಡ್ಡಾಯ, ಲೆಕ್ಕ ಹಾಕೋವಾಗ ಆಯಾ, ಡ್ರೈವರ್, ವಾಚ್‌ಮನ್ ಎಲ್ಲಾ ಸೇರ್ತಾರೆ, ಟೀಚರ್ 19 ಅಂತ ತಪ್ಪಿಸ್ಕೊಳ್ಳೋಕೆ ಆಗೋದಿಲ್ಲ. ಗ್ರಾಚ್ಯುಟಿ, ಅಂದ್ರೆ ಕೆಲಸ ಬಿಡುವಾಗ ಸಿಗೋ ಇಡುಗಂಟು, 2009ರ ತಿದ್ದುಪಡಿಯಲ್ಲಿ ಟೀಚರಿಗೂ ಬಂತು, ಅದೂ 1997ರ ಏಪ್ರಿಲ್ 3ರಿಂದ ಲೆಕ್ಕ, 2022ರಲ್ಲಿ ಸುಪ್ರೀಂ ಕೋರ್ಟೂ ಎತ್ತಿ ಹಿಡಿದಿದೆ. ಅಕ್ಕೋರು ಇವತ್ತು ಬಿಟ್ರೆ 9,500ನ್ನು 26ರಿಂದ ಭಾಗಿಸಿ 15ರಿಂದ, ಮತ್ತೆ 11ರಿಂದ ಗುಣಿಸಿ, 60 ಸಾವಿರದ ಮೇಲೆ ಬರ್ತದೆ. ಪ್ರತಿ ವರ್ಷ ಹತ್ತೇ ತಿಂಗಳ ನೇಮಕದ ಆರ್ಡರ್ ಕೊಡ್ತಾ ಬಂದಿದ್ರೆ ಮುಂದೆ 'ಸರ್ವಿಸ್ ಮುರಿದಿದೆ' ಅಂತ ವಾದ ಮಾಡ್ತಾರೆ, ಹಾಗಾಗಿ ಎಲ್ಲಾ ಆರ್ಡರ್, ಮೇ ತಿಂಗಳ ಪೇಪರ್ ವ್ಯಾಲ್ಯುಯೇಶನ್ ಡ್ಯೂಟಿ ಕಾಗದ ಜೋಪಾನ.

ಕೆಲಸದಿಂದ ತೆಗೆಯೋ ಮಾತಿಗೆ ಬಂದ್ರೆ, 1983ರ ಕರ್ನಾಟಕ ಶಿಕ್ಷಣ ಕಾಯ್ದೆಯ 92ನೇ ಕಲಮು ನೋಡಿ, ವಿಚಾರಣೆ ಇಲ್ದೆ ವಜಾ ಮಾಡೋ ಹಾಗಿಲ್ಲ. ಮಾಡಿದ್ರೆ 94ರಡಿ ಮೂರು ತಿಂಗಳೊಳಗೆ ಟ್ರಿಬ್ಯುನಲ್‌ಗೆ ಅಪೀಲು, ಜಿಲ್ಲಾ ನ್ಯಾಯಾಧೀಶರೇ ಕೇಳ್ತಾರೆ. ಎಷ್ಟೋ ಜನ ಈ ಮೂರು ತಿಂಗಳು ಅವ್ರಿವ್ರ ಹತ್ರ ವಶೀಲಿ ಮಾಡ್ತಾ ಕಳೀತಾರೆ. ಖಾಲಿ ಕಾಗದಕ್ಕೆ, ತಾರೀಕಿಲ್ಲದ ರಾಜೀನಾಮೆಗೆ ಮಾತ್ರ ಯಾರೂ ಸಹಿ ಹಾಕ್ಬೇಡಿ.

ಕುಮಟಾದ ಒಂದು ಶಾಲೆ ಕಮಿಟಿ ಸದಸ್ಯ

ನಾನು ಮೇಜಿನ ಆ ಕಡೆ ಕೂರುವವ. ಕೇಳಿ ಬೇಜಾರಾಯ್ತು, ಯಾಕಂದ್ರೆ ನಾವೂ ಮೊದಲು ಹೀಗೇ ಒಬ್ಬೊಬ್ಬರನ್ನೇ ಕರೀತಿದ್ವಿ.

ನಮ್ಮ ಕಷ್ಟವೂ ಇದೆ. ಅರ್ಧಕ್ಕರ್ಧ ಪೋಷಕರು ಬೋಟಿಗೆ ಹೋಗೋರು, ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟು ಬಂದ್, ಸರಿಯಾಗಿ ಶಾಲೆ ಶುರುವಾಗೋ ಹೊತ್ತಿಗೆ. ಆಗ ಫೀ ಕೇಳೋಕೆ ಮುಖ ಇರೋದಿಲ್ಲ, ದೀಪಾವಳಿ ಹತ್ರ ದುಡ್ಡು ಬರ್ತದೆ. 2019ರಲ್ಲಿ ಆರ್‌ಟಿಇ ನಿಯಮ ಬದಲಾಯ್ತು, ಹತ್ರ ಸರ್ಕಾರಿ ಶಾಲೆ ಇದ್ರೆ ಬಡ ಮಕ್ಕಳ ಫೀ ಸರ್ಕಾರ ಕೊಡೋ ಆ ಸೀಟು ನಮ್ಗೆ ಇಲ್ಲ, ಆ ಹಣವೂ ನಿಂತ್ಹೋಯ್ತು. ಇದೆಲ್ಲಾ ಟೀಚರ್ಸಿಗೆ ಗೊತ್ತಿರ್ಲಿಲ್ಲ, ನಾವೇ ಹೇಳಿರ್ಲಿಲ್ಲ, ಅವ್ರು ಕಮಿಟಿಯವ್ರು ತಿಂದ್ರು ಅಂತ ತಿಳ್ಕೊಂಡಿದ್ರು.

ನಾಲ್ಕು ವರ್ಷದ ಹಿಂದೆ ಒಂದೇ ಟರ್ಮಲ್ಲಿ ವಿಜ್ಞಾನದವ್ರು, ಇಂಗ್ಲಿಷಿನವ್ರು ಬಿಟ್ಟು ಹೋದ ಮೇಲೆ ನಮ್ಗೆ ಬುದ್ಧಿ ಬಂತು. ಆಡಿಟ್ ರಿಪೋರ್ಟ್ ಝೆರಾಕ್ಸ್ ಮಾಡಿ ಎಲ್ಲರ ಕೈಗೆ ಕೊಟ್ವಿ. ಮೂರು ವರ್ಷಕ್ಕೆ ಒಂದು ಚಾರ್ಟ್ ಮಾಡಿದ್ವಿ, ಸರ್ವಿಸ್ ವರ್ಷಕ್ಕೆ ಇಷ್ಟು, ಬಿ.ಎಡ್.ಗೆ ಇಷ್ಟು ಅಂತ, ಮೊದಲ ವರ್ಷ ಮೇ ಸಂಬಳ ಅರ್ಧ, ಎರಡನೇ ವರ್ಷದಿಂದ ಪೂರ್ತಿ. ಅಧ್ಯಕ್ಷರು ಮತ್ತು ಟೀಚರ್ಸ್ ಆರಿಸಿದ ನಾಲ್ಕು ಜನ ಠರಾವು ಪುಸ್ತಕದಲ್ಲೇ ಸಹಿ ಹಾಕಿದ್ರು. ಅವ್ರು ಕೇಳಿದಷ್ಟು ಕೊಡೋಕೆ ಆಗ್ಲಿಲ್ಲ, ಆದ್ರೆ ಯಾಕೆ ಆಗೋದಿಲ್ಲ ಅಂತ ಎಲ್ಲರಿಗೂ ಕಾಣ್ತಿತ್ತು. ನೀವು ಸಂಬಳದ ಮೊದ್ಲು ಲೆಕ್ಕ ಕೇಳಿ ಅಕ್ಕೋರೆ. ಲೆಕ್ಕ ತೋರಿಸೋಕೆ ಹಿಂದೆ ಮುಂದೆ ನೋಡೋ ಕಮಿಟಿ ಜೊತೆ ಬೇರೆ ರೀತಿ ಮಾತಾಡ್ಬೇಕಾಗ್ತದೆ.

ಹೊನ್ನಾವರದ ಓದುಗ

ಕಮಿಟಿಯವ್ರು ಬರೆದದ್ದು ಓದಿ ಇದು ನೆನಪಾಯ್ತು. ನನ್ನ ತಂಗಿ ಕ್ಯಾಲಿಫೋರ್ನಿಯಾದಲ್ಲಿ ಸರ್ಕಾರಿ ಶಾಲೆ ಟೀಚರ್. ಅಲ್ಲಿ 1975ರಿಂದ ಕಾನೂನೇ ಇದೆ, ಸ್ಕೂಲ್ ಬೋರ್ಡು ಟೀಚರ್ ಯೂನಿಯನ್ ಜೊತೆ ಕೂತು ಮಾತಾಡ್ಲೇಬೇಕು. ನಂಗೆ ಹಿಡಿಸಿದ್ದು ಏನಂದ್ರೆ ಮಾತುಕತೆ ಶುರುವಾಗೋ ಮೊದ್ಲು ಎರಡೂ ಕಡೆಯವ್ರು ತಮ್ಮ ಬೇಡಿಕೆಯನ್ನು ಬೋರ್ಡಿನ ಬಹಿರಂಗ ಸಭೆಯಲ್ಲಿ ಇಡಬೇಕು, ಪೋಷಕರು ಬಂದು ಅಭಿಪ್ರಾಯ ಹೇಳಬಹುದು. ಗಂಟು ಬಿದ್ರೆ ಸರ್ಕಾರದಿಂದ ಮಧ್ಯಸ್ಥರು ಬರ್ತಾರೆ, ಅದೂ ಆಗ್ಲಿಲ್ಲ ಅಂದ್ರೆ ಮೂರು ಜನರ ಸಮಿತಿ ಲೆಕ್ಕಪತ್ರ ಎಲ್ಲಾ ನೋಡಿ ಶಿಫಾರಸು ಮಾಡ್ತದೆ. ಶಿಫಾರಸಷ್ಟೇ, ಬೋರ್ಡು ಒಪ್ಪಲೇಬೇಕು ಅಂತಿಲ್ಲ.

ಹಾಗಂತ ಅಲ್ಲಿ ಎಲ್ಲಾ ರಾಜ್ಯದಲ್ಲೂ ಹೀಗೇ ಅಂತಲ್ಲ. ವಿಸ್ಕಾನ್ಸಿನ್ ಅಂತ ಒಂದು ರಾಜ್ಯ, ಇಂಥ ಹಕ್ಕನ್ನು 1959ರಲ್ಲಿ ಎಲ್ಲರಿಗಿಂತ ಮೊದ್ಲು ಕೊಟ್ಟಿದ್ದು ಅದೇ, 2011ರಲ್ಲಿ ಬಹುಪಾಲು ಕಿತ್ಕೊಂಡಿದ್ದೂ ಅದೇ. ನಮ್ಮಲ್ಲಿ ಅಂಥ ಕಾನೂನಿಲ್ಲ, ಆದ್ರೆ ಪೋಷಕರ ಸಭೆ ಇದೆ ಅಲ್ವಾ. ಮಕ್ಕಳಿಗೆ ಕಲಿಸೋ ಅಕ್ಕೋರಿಗೆ 9,500 ಅಂತ ಎಷ್ಟು ಪೋಷಕರಿಗೆ ಗೊತ್ತು?

ಸದಾಶಿವಗಡ ಕಡೆಯ ಅಕ್ಕೋರು

ಎಲ್ಲರಿಗೂ ಕೈ ಮುಗೀತೇನೆ. ನಿನ್ನೆ ಸಂಜೆ ಒಬ್ರ ಮನೆಯಲ್ಲಿ ಸೇರಿದ್ವಿ, 19ರಲ್ಲಿ 17 ಜನ ಬಂದ್ರು, ಬರದ ಇಬ್ರೂ ಫೋನಲ್ಲಿ ಹೂಂ ಅಂದಿದ್ದಾರೆ. ನಾಲ್ಕು ಜನರ ಹೆಸರು ಆಯ್ತು, ಅದ್ರಲ್ಲಿ ಹೋದ ವರ್ಷ ಸೇರಿದ ಹುಡುಗಿಯೂ ಇದ್ದಾಳೆ, ತಾನೇ ಮುಂದೆ ಬಂದ್ಲು. ಪತ್ರದಲ್ಲಿ ಮೊದಲು ಮೂರು ವರ್ಷದ ಆಡಿಟ್ ಲೆಕ್ಕ ಕೇಳಿದ್ದೇವೆ, ಆಮೇಲೆ ಪಿಎಫ್, ಆಮೇಲೆ ಮೇ ಸಂಬಳ, ಕೊನೆಗೆ ಸರ್ವಿಸ್ ನೋಡಿ ಸಂಬಳದ ಚಾರ್ಟ್. ಎಸ್ಎಸ್ಎಲ್‌ಸಿ ಮಕ್ಕಳ ಕ್ಲಾಸು ಒಂದು ದಿನವೂ ತಪ್ಪಿಸೋದಿಲ್ಲ ಅಂತಲೂ ಬರೆದಿದ್ದೇವೆ.

ಒಂದೇ ಸಂಶಯ ವಕೀಲರೇ, ಮೂರು ಡ್ರೈವರ್, ಇಬ್ರು ಆಯಾ ನಾವೂ ಸಹಿ ಹಾಕ್ತೇವೆ ಅಂತಿದ್ದಾರೆ. ಒಂದೇ ಪತ್ರ ಸಾಕಾ, ಬೇರೆ ಕೊಡ್ಬೇಕಾ?

ಶಿರಸಿ ವಕೀಲ

ಪಿಎಫ್ ವಿಷಯಕ್ಕೆ ಒಂದೇ ಪತ್ರ, 24 ಸಹಿ. ಅವ್ರ ಕನಿಷ್ಠ ವೇತನಕ್ಕೆ ಬೇರೆ ಅರ್ಜಿ, ಅದು ಲೇಬರ್ ಆಫೀಸಿಗೆ ಹೋಗ್ತದೆ, ಆ ಬಾಗಿಲು ಅವ್ರಿಗೆ ಖಂಡಿತ ಇದೆ. ಕರಡು ಕಳಿಸಿ, ನೋಡಿ ಕೊಡ್ತೇನೆ, ಫೀಸು ಬೇಡ.